ಮೆತ್ತಣ್ಣ ಅಂಗಡಿ ಮುಚ್ಚಿದ್ದು

ಪಕ್ಕದ ಕನ್ನಡಕದಂಗಡಿಯವರು ವೆಬ್‌ಸೈಟ್ ಮಾಡಿಸದೆ ಇದ್ದಿದ್ದರೆ ಮೆತ್ತಣ್ಣ ತನ್ನ ಪಾಡಿಗೆ ತಾನು ಸುಖವಾಗಿ ಇರುತ್ತಿದ್ದ. ಅವನದು ಹಾಸಿಗೆ ದಿಂಬುಗಳ ಅಂಗಡಿ. ಮಾರುವುದು ಮೆತ್ತೆ, ಮಾತೂ ಮೆತ್ತಗೆ. ಯಾರಾದರೂ ಜಗಳಕ್ಕೆ ಬಂದರೆ ಮೊದಲು ಕೂರಿಸುತ್ತಿದ್ದ. ಕೂರುವುದು ಹಾಸಿಗೆಯ ಮೇಲಾದ್ದರಿಂದ ಬಂದವರು ಅರ್ಧ ಗಳಿಗೆಯಲ್ಲಿ ಜಗಳ ಮರೆತು ಬೆಲೆ ಕೇಳುತ್ತಿದ್ದರು. ಹೀಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಮೂಲೆಗೆ ಬಿದ್ದು, ಬೀದಿಗೆಲ್ಲ ಅವನು ಮೆತ್ತಣ್ಣನಾಗಿದ್ದ.

ಒಂದು ಬೆಳಿಗ್ಗೆ ಕನ್ನಡಕದವರು ತಮ್ಮ ಬಾಗಿಲಲ್ಲಿ ನಿಂತು, "ನಿನ್ನೆ ನಮ್ಮ ವೆಬ್‌ಸೈಟನ್ನ ಸಮುದ್ರದಾಚೆ ಯಾರೋ ನೋಡಿದ್ದಾರೆ, ಮೆತ್ತಣ್ಣ" ಅಂದರು.

"ಹೌದಾ? ಕನ್ನಡಕ ತಗೊಂಡ್ರಾ?"

"ಇಲ್ಲ. ಆದ್ರೆ ನೋಡಿದ್ದಾರೆ."

ಅಷ್ಟೇ. ಆ 'ನೋಡಿದ್ದಾರೆ' ಮೆತ್ತಣ್ಣನ ಹೊಟ್ಟೆಯೊಳಗೆ ಹೋಗಿ ಕೂತಿತು. ತನ್ನ ಹಾಸಿಗೆಗಳನ್ನು ಬೀದಿಯ ಈ ತುದಿಯವರು, ಆ ತುದಿಯವರು ಬಿಟ್ಟರೆ ಮೂರನೆಯವರು ನೋಡಿಲ್ಲವಲ್ಲ! ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ಹಿರಿಯರು ಹೇಳಿದ್ದಾರೆ ನಿಜ. ಆದರೆ ಆ ಗಾದೆ ಹಾಸಿಗೆ ಮಾರುವವನಿಗೆ ಅನ್ವಯಿಸುವುದಿಲ್ಲ. ಅವನ ಹತ್ತಿರ ಎಲ್ಲ ಅಳತೆಯವೂ ಇರುತ್ತವೆ.

ಅದೃಷ್ಟಕ್ಕೋ ದುರದೃಷ್ಟಕ್ಕೋ, ವೆಬ್‌ಸೈಟ್ ಮಾಡುವುದೇ ಅವನ ನಾದಿನಿಯ ಕಸುಬು. ಹೆಂಡತಿಯ ತಂಗಿ, ಚುರುಕು, ಕೆಲಸದಲ್ಲಿ ಅಚ್ಚುಕಟ್ಟು, ಭಾವನನ್ನು ರೇಗಿಸುವುದರಲ್ಲಿ ಇನ್ನೂ ಅಚ್ಚುಕಟ್ಟು. ಅವಳು ಚೆಂದದ ವೆಬ್‌ಸೈಟೊಂದನ್ನು ಮಾಡಿ, "ಭಾವ, ಇನ್ನು ಮುಂದೆ ಇದನ್ನ ನೀವೇ ನೋಡ್ಕೊಳ್ಳಬೇಕು. ಇದು ಡ್ಯಾಶ್‌ಬೋರ್ಡು" ಎಂದು ಕಂಪ್ಯೂಟರಿನ ಪರದೆ ತೋರಿಸಿದಳು. ಡ್ಯಾಶ್‌ಬೋರ್ಡ್ ಅಂದರೆ ಕಾರಿನೊಳಗೆ ಇರುವುದು ಎಂದಷ್ಟೇ ತಿಳಿದಿದ್ದ ಮೆತ್ತಣ್ಣ, ಪರದೆಯ ಎಡಗಡೆ ಮೇಲಿಂದ ಕೆಳಗಿನವರೆಗೆ ಸಾಲುಗಟ್ಟಿದ್ದ ಗುಂಡಿಗಳನ್ನು ಕಂಡು ಬೆವರಿದ. ಆದರೂ, "ಇಷ್ಟೇನಾ?" ಅಂದ.

ಈ 'ಇಷ್ಟೇನಾ'ದ ಫಲವನ್ನು ಆ ವಾರವೆಲ್ಲ ನಾದಿನಿ ಫೋನಿನಲ್ಲಿ ಉಂಡಳು.

"ಅಮ್ಮಾ, ಪ್ಲಗಿನ್ ಹಳೇದಾಗಿದೆ ಅಂತ ಬರ್ತಿದೆ. ಎಲೆಕ್ಟ್ರಿಷಿಯನ್ನನ ಕರೆಸಿದೀನಿ, ಅವನಿಗೆ ಯಾವ ಪ್ಲಗ್ಗು ಅಂತ ಹೇಳಲಿ?"

"ಯಾವ ಪ್ಲಗ್ಗೂ ಇಲ್ಲ ಭಾವ, ಅದು ವೆಬ್‌ಸೈಟಿನೊಳಗಿನ ಸಣ್ಣ ಪ್ರೋಗ್ರಾಮು. ಅವನನ್ನ ಕಳಿಸಿಬಿಡಿ."

"ಕ್ಯಾಶ್ ಖಾಲಿ ಮಾಡಿ ಅಂತಿದೆ. ಗಲ್ಲಾದಲ್ಲಿ ಇರೋದನ್ನೆಲ್ಲಾ ಬ್ಯಾಂಕಿಗೆ ಕಟ್ಟಿ ಬಂದೆ. ಆದ್ರೂ ಖಾಲಿ ಮಾಡಿ ಅಂತಾನೇ ಅಂತಿದೆಯಲ್ಲ?"

"ಅದು ದುಡ್ಡಿನ ಕ್ಯಾಶ್ ಅಲ್ಲ ಭಾವ, ಕಂಪ್ಯೂಟರು ಕೂಡಿಟ್ಟುಕೊಂಡಿರೋ ಹಳೇ ಪುಟಗಳು."

ಇದರ ಮೇಲೆ, 'ಹೊರಬನ್ನಿ' ಎಂಬ ಗುಂಡಿ ಒತ್ತಿ ಅವನು ಹೊರಗೆ ಬಂದುಬಿಡುತ್ತಿದ್ದ. ಒಳಗೆ ಹೋಗಲು ಪಾಸ್‌ವರ್ಡ್ ನೆನಪಿರುತ್ತಿರಲಿಲ್ಲ. ಸ್ವಂತ ಅಂಗಡಿಯ ಬಾಗಿಲಲ್ಲಿ ಬೀಗದ ಕೈ ಕಳೆದುಕೊಂಡವನ ಹಾಗೆ ನಿಂತು ಮತ್ತೆ ನಾದಿನಿಗೆ ಫೋನು.

ನಾದಿನಿಗೆ ಒಂದು ಯೋಚನೆ ಹೊಳೆಯಿತು. ಕಷ್ಟ ಭಾವನೊಬ್ಬನದೇ ಅಲ್ಲ, ಅವಳ ಗಿರಾಕಿಗಳೆಲ್ಲರದೂ ಇದೇ ಗೋಳು. ಬೇಡದ ಗುಂಡಿಗಳನ್ನೆಲ್ಲ ಮರೆಮಾಡಿ, ಬೇಕಾದ ನಾಲ್ಕನ್ನು ಮಾತ್ರ ದೊಡ್ಡ ಅಕ್ಷರದ ಕನ್ನಡದಲ್ಲಿ ಉಳಿಸಿದರೆ? ಹಾಗೇ ಮಾಡಿದಳು. 'ಹೊರಬನ್ನಿ'ಯನ್ನು ಮೊಟ್ಟಮೊದಲು ಕಿತ್ತುಹಾಕಿದಳು. ಉಳಿದದ್ದು: ಹೊಸ ಹಾಸಿಗೆ ಸೇರಿಸಿ, ಫೋಟೋ ಬದಲಿಸಿ, ಗಿರಾಕಿಗಳ ಪ್ರಶ್ನೆ, ಮುಚ್ಚಿ.

"ನೋಡಿ ಭಾವ, ಎಷ್ಟು ಸುಲಭ! ಮುಂದಿನ ವಾರ ವರ್ತಕರ ಸಂಘದ ಸಭೆಯಲ್ಲಿ ಇದನ್ನೇ ತೋರಿಸ್ತೀನಿ. ಒಪ್ಪಿದ್ರೆ ಸಂಘದ ಎಲ್ಲಾ ಅಂಗಡಿಗಳ ಕೆಲಸಾನೂ ನನಗೇ. ನಮ್ಮ ಭಾವಾನೇ ನಡೆಸ್ತಿದ್ದಾರೆ ಅಂತ ನಿಮ್ಮನ್ನೇ ಉದಾಹರಣೆ ಕೊಡ್ತೀನಿ."

ಉದಾಹರಣೆಯಾಗುವ ಯೋಗ ಎಲ್ಲರಿಗೂ ಬರುವುದಿಲ್ಲ. ಮೆತ್ತಣ್ಣ ಅಂದೇ ಕೆಲಸಕ್ಕೆ ಕೂತ. 'ಗಿರಾಕಿಗಳ ಪ್ರಶ್ನೆ'ಯೊಳಗೆ ಅವರ ಫೋನ್ ನಂಬರುಗಳನ್ನು ತುಂಬಿಸಬೇಕಿತ್ತು. ಪಟ್ಟಿ ಚಿಕ್ಕದಾಗಿ ಕಂಡಿದ್ದರಿಂದ, ಬಾಯಿಪಾಠವಿದ್ದ ಹೆಂಡತಿಯ ಮತ್ತು ನಾದಿನಿಯ ನಂಬರು ಬಿಟ್ಟು, ಅಕ್ಕಪಕ್ಕದವರನ್ನೂ ನೆಂಟರಿಷ್ಟರನ್ನೂ ಸೇರಿಸಿ ಉದ್ದ ಮಾಡಿದ. ಸಂಜೆ ಕೆಲಸ ಮುಗಿಯಿತು. ತೆರೆದದ್ದನ್ನು ತೆರೆದ ಹಾಗೇ ಬಿಟ್ಟು ಏಳುವುದು ಅವನ ಜಾಯಮಾನದಲ್ಲಿ ಇರಲಿಲ್ಲ. ಡಬ್ಬಿಯಾಗಲಿ ಬಾಗಿಲಾಗಲಿ ಕಂಪ್ಯೂಟರಾಗಲಿ, ತೆರೆದ ಮೇಲೆ ಮುಚ್ಚಬೇಕು. ಗುಂಡಿಯೂ ಎದುರಿಗೇ ಇತ್ತು, 'ಮುಚ್ಚಿ' ಎಂದು ಮರ್ಯಾದೆಯಿಂದ ಕೇಳುತ್ತಿತ್ತು. ಒತ್ತಿದ.

'ಖಚಿತವೇ?' ಎಂದು ಪರದೆ ಕೇಳಿತು. ಎಂಥ ವಿನಯ ಎಂದುಕೊಂಡು 'ಹೌದು' ಒತ್ತಿದ.

'ತಾತ್ಕಾಲಿಕವಾಗಿಯೋ, ಶಾಶ್ವತವಾಗಿಯೋ?'

ಮೆತ್ತಣ್ಣ ಗಲ್ಲ ಕೆರೆದುಕೊಂಡ. ತಾತ್ಕಾಲಿಕವಾಗಿ ಮುಚ್ಚುವುದು ಅಂದರೆ ಅರೆಬರೆ ಮುಚ್ಚಿದಂತೆ. ಗಾಳಿಗೆ ಮತ್ತೆ ತೆರೆದುಕೊಂಡರೆ? 'ಶಾಶ್ವತವಾಗಿ' ಎಂಬುದನ್ನು ಗಟ್ಟಿಯಾಗಿ ಒತ್ತಿ, ಎದ್ದು, ದೀಪ ಆರಿಸಿ ಮನೆಗೆ ಹೊರಟ.

ಅದೇ ಹೊತ್ತಿಗೆ ಪಟ್ಟಿಯಲ್ಲಿದ್ದ ಅಷ್ಟೂ ಫೋನುಗಳು ಒಟ್ಟಿಗೆ ಕುಂಯ್ ಎಂದವು. 'ನಮ್ಮ ಅಂಗಡಿಯನ್ನು ಶಾಶ್ವತವಾಗಿ ಮುಚ್ಚಿದ್ದೇವೆ. ಇಷ್ಟು ಕಾಲ ತೋರಿಸಿದ ಪ್ರೀತಿಗೆ ಋಣಿ.'

ಮಾರನೆಯ ದಿನ ಬೆಳಿಗ್ಗೆ ಕನ್ನಡಕದವರು ಬಂದಾಗ ಅವರ ಮುಖ ಸಪ್ಪಗಿತ್ತು.

"ನಿನ್ನೆ ಸಂಜೆ... ಮುಚ್ಚಿದ್ರಂತೆ?"

ತಾನು ಡ್ಯಾಶ್‌ಬೋರ್ಡ್ ಮುಚ್ಚಿದ ಸುದ್ದಿ ಇಷ್ಟು ಬೇಗ ಹಬ್ಬಿತೇ ಎಂದು ಮೆತ್ತಣ್ಣ ಹಿಗ್ಗಿದ. ನಾದಿನಿ ಆಗಲೇ ಉದಾಹರಣೆ ಕೊಡಲು ಶುರು ಮಾಡಿರಬೇಕು. "ಹೂಂ. ನಾನೇ ಮುಚ್ಚಿದೆ. ನನ್ನ ಕೈಯಾರೆ."

"ಯಾರನ್ನೂ ಒಂದು ಮಾತು ಕೇಳ್ಲಿಲ್ವಾ?"

"ಕೇಳೋದೇನಿದೆ? ಅದೇ ನನ್ನ ಕೇಳ್ತು, ಖಚಿತಾನಾ ಅಂತ. ಹೌದು ಅಂದೆ."

"ಅದೇ ಕೇಳ್ತಾ?" ಕನ್ನಡಕದವರ ದನಿ ಇಳಿಯಿತು. "ಒಳಗಿಂದ?"

"ಒಳಗಿಂದಾನೇ."

"ಕಷ್ಟ ಆಗ್ಲಿಲ್ವಾ ಮೆತ್ತಣ್ಣ?"

"ಮೊದಲು ಸ್ವಲ್ಪ ಯೋಚನೆ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಮುಚ್ಚಿದ ಮೇಲೆ ಎಷ್ಟು ಹಗುರ ಅನ್ನಿಸ್ತು ಅಂದ್ರೆ, ಇವತ್ತು ಸಂಜೆ ಇನ್ನೊಂದು ಸಲ ಮುಚ್ಚೋಣ ಅಂತಿದೀನಿ."

ಕನ್ನಡಕದವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಅವನನ್ನು ನೋಡಿದರು. ಆಮೇಲೆ ಭುಜದ ಮೇಲೆ ಕೈಯಿಟ್ಟು, "ಧೈರ್ಯ ಬಿಡಬೇಡಿ. ಎಲ್ಲರದ್ದೂ ಒಂದಲ್ಲ ಒಂದು ದಿನ ಮುಗಿಯೋದೇ" ಎಂದು ಹೇಳಿ ಬೇಗ ಬೇಗ ಹೊರಟುಹೋದರು.

ಏನು ಮುಗಿಯುವುದು ಎಂದು ಮೆತ್ತಣ್ಣನಿಗೆ ಗೊತ್ತಾಗಲಿಲ್ಲ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ ಅಲ್ಲಿ ಇನ್ನೂ ವಿಚಿತ್ರ. ಹೆಂಡತಿಗೆ ಆಗಲೇ ಚಿಕ್ಕಮ್ಮನ ಫೋನು ಬಂದಿತ್ತು. 'ಅವನಾಗಿ ಬಾಯಿ ಬಿಡೋವರೆಗೂ ನೀನು ಕೇಳಬೇಡ, ಗಂಡಸರು ನೊಂದುಕೊಳ್ತಾರೆ' ಎಂಬ ಉಪದೇಶವೂ ಆಗಿತ್ತು. ಹಾಗಾಗಿ ಮದುವೆಯಾದ ಲಾಗಾಯ್ತು ತಡವಾಗಿ ಬಂದಿದ್ದಕ್ಕೆ ಗದರುತ್ತಿದ್ದ ಆ ಹೆಂಗಸು ಇವತ್ತು ಗಂಡ ಊಟಕ್ಕೆ ಮೊದಲು ಕೈ ತೊಳೆಯಲು ಹೋದರೆ ತಾನೇ ಟವೆಲ್ ಹಿಡಿದು ನಿಂತಳು.

"ಇನ್ನೂ ಸ್ವಲ್ಪ ಹಾಕಲೇನ್ರಿ?"

"ಸಾಕು."

"ತಿನ್ನಿ. ಏನೇ ಬಂದ್ರೂ ನಾನಿದ್ದೀನಿ. ತಿನ್ನಿ."

ಮೆತ್ತಣ್ಣನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಹೆಂಡತಿ ಬೈದರೆ ಕಾರಣ ಹುಡುಕಬೇಕಾಗಿಲ್ಲ. ಬೈಯದಿದ್ದರೆ ಹುಡುಕಲೇಬೇಕು. ಹುಡುಕಿದ, ಸಿಕ್ಕಿತು: ಕಳೆದ ವಾರ ಸುಸ್ತು ಎಂದು ಡಾಕ್ಟರ ಹತ್ತಿರ ಹೋಗಿ ರಕ್ತ ಕೊಟ್ಟು ಬಂದಿದ್ದ. ಫಲಿತಾಂಶ ತಂದವಳು ಹೆಂಡತಿ. "ಎಲ್ಲಾ ಸರಿಯಾಗಿದೆಯಂತೆ" ಎಂದಿದ್ದಳು. ಎಲ್ಲಾ ಸರಿಯಾಗಿದೆ ಎಂದು ಯಾವ ಡಾಕ್ಟರು ತಾನೇ ಹೇಳುತ್ತಾನೆ? ಉಪ್ಪು ಕಡಿಮೆ ಮಾಡಿ ಎಂದಾದರೂ ಹೇಳಬೇಡವೇ?

ಎಲ್ಲರದ್ದೂ ಒಂದಲ್ಲ ಒಂದು ದಿನ ಮುಗಿಯೋದೇ. ಅಯ್ಯೋ, ಪಕ್ಕದಂಗಡಿಯವರಿಗೂ ಗೊತ್ತು!

ಆ ಸಂಜೆ ಅವನು ಡ್ಯಾಶ್‌ಬೋರ್ಡನ್ನು ಭಾರವಾದ ಮನಸ್ಸಿನಿಂದ ಮುಚ್ಚಿದ. ಶಾಶ್ವತವಾಗಿಯೋ ಎಂದು ಅದು ಕೇಳಿದಾಗ ಕಣ್ಣು ಮಂಜಾಯಿತು. ಎಲ್ಲರ ಫೋನುಗಳೂ ಎರಡನೆಯ ಸಲ ಕುಂಯ್ ಎಂದವು.

ಒಂದು ಸಲ ಬಂದ ಸುದ್ದಿ ಸುಳ್ಳಿರಬಹುದು, ಎರಡು ಸಲ ಬಂದದ್ದು ಸುಳ್ಳಾಗುವುದಿಲ್ಲ ಎಂದು ತೀರ್ಮಾನಿಸಿ ಚಿಕ್ಕಪ್ಪ ಮಾರನೆಯ ದಿನ ಖುದ್ದಾಗಿ ಅಂಗಡಿಗೆ ಬಂದರು. ಬರುವ ದಾರಿಯಲ್ಲಿ ಮನೆಗೆ ಹೋಗಿದ್ದರು. 'ಆ ಮಾತು ನೇರವಾಗಿ ಎತ್ತಬೇಡಿ' ಎಂದು ಮೆತ್ತಣ್ಣನ ಹೆಂಡತಿ ಕೈಮುಗಿದು ಹೇಳಿದ್ದಳು. ಚಿಕ್ಕಪ್ಪ ಸುತ್ತು ಹಾಕಿ ಮಾತಾಡುವುದರಲ್ಲಿ ಪಳಗಿದವರು.

"ಎಷ್ಟು ವರ್ಷ ಆಯ್ತಪ್ಪ ಒಟ್ಟು?" ಎಂದು ನಿಟ್ಟುಸಿರಿಟ್ಟರು.

"ಬರೋ ತಿಂಗಳಿಗೆ ಐವತ್ತು, ಚಿಕ್ಕಪ್ಪ."

ಅಂಗಡಿಗೆ ಐವತ್ತು ಹೇಗಾಯಿತೆಂದು ಚಿಕ್ಕಪ್ಪನಿಗೆ ತಿಳಿಯಲಿಲ್ಲ. ದುಃಖದಲ್ಲಿ ಲೆಕ್ಕ ತಪ್ಪುತ್ತಿದ್ದಾನೆ ಎಂದುಕೊಂಡರು. "ಇರ್ಲಿ. ನಡೆದಷ್ಟು ನಡೀತು. ನಿಮ್ಮಪ್ಪಂದು ಇಷ್ಟು ಕಾಲ ಎಲ್ಲಿ ನಡೀತು?"

"ಹೌದು ಚಿಕ್ಕಪ್ಪ," ಎಂದು ಮೆತ್ತಣ್ಣ ಒಂದು ದಿಂಬನ್ನು ಮಡಿಲಿಗೆ ಎಳೆದುಕೊಂಡ.

"ಮುಂದೇನು ಅಂತ ಯೋಚನೆ ಮಾಡಿದೀಯಾ?"

"ಮುಂದೇನಿದೆ?"

"ಹಾಗನ್ನಬಾರದು. ನನಗೆ ಗೊತ್ತಿರೋರೊಬ್ಬರು ಮೇಲಿದ್ದಾರೆ. ತುಂಬಾ ದೊಡ್ಡ ಜಾಗದಲ್ಲಿದ್ದಾರೆ. ಒಂದು ಮಾತು ಹಾಕಿದ್ರೆ ನಿನ್ನ ಒಳಗೆ ಸೇರಿಸ್ಕೊಳ್ತಾರೆ. ಕಷ್ಟದ ಕೆಲಸವೇನಿಲ್ಲ, ಬಾಗಿಲ ಹತ್ರ ಕುರ್ಚಿ ಹಾಕ್ಕೊಂಡು ಕೂತಿರೋದು, ಬಂದವರ ಹೆಸರು ಕೇಳೋದು, ಒಳಗೆ ಬಿಡೋದು."

ಮೆತ್ತಣ್ಣ ಚಿಕ್ಕಪ್ಪನನ್ನು ಬೆರಗಿನಿಂದ ನೋಡಿದ. ಚಿಕ್ಕಪ್ಪನಿಗೆ ಓಡಾಟ ಜಾಸ್ತಿ, ಪರಿಚಯಸ್ಥರು ಬಹಳ, ಅದೆಲ್ಲ ಅವನಿಗೆ ಗೊತ್ತಿತ್ತು. ಆದರೆ ಅಷ್ಟು ಮೇಲಿನವರೆಗೂ ಕೈ ಇದೆ ಎಂದು ಗೊತ್ತಿರಲಿಲ್ಲ.

"ಯಾವಾಗಿಂದ?" ಎಂದು ಪಿಸುಗುಟ್ಟಿದ.

"ನೀನು ಹೂಂ ಅಂದ್ರೆ ನಾಳೆಯಿಂದಾನೇ."

"ಇನ್ನೊಂದು ಸ್ವಲ್ಪ ದಿನ ಬಿಟ್ಟು ಹೋಗ್ತೀನಿ ಚಿಕ್ಕಪ್ಪ."

"ನಿನ್ನಿಷ್ಟ. ಆದ್ರೆ ಅಲ್ಲಿ ಜಾಗ ಖಾಲಿ ಇರೋದಿಲ್ಲ, ನೆನಪಿರಲಿ," ಎಂದು ಚಿಕ್ಕಪ್ಪ ಎದ್ದರು.

ಅವರು ಹೋದ ಬೆನ್ನಿಗೇ ಕಟ್ಟಡದ ಯಜಮಾನರು ಅಳತೆಯ ಟೇಪು ಹಿಡಿದು ಬಂದರು. ಬಾಡಿಗೆಯ ಕರಾರಿನಲ್ಲಿ, ಬಾಡಿಗೆದಾರ ವ್ಯಾಪಾರ ನಿಲ್ಲಿಸಿದ ದಿನವೇ ಜಾಗ ಯಜಮಾನರಿಗೆ ಸೇರತಕ್ಕದ್ದು ಎಂಬ ಒಂದು ಸಾಲಿತ್ತು. ಆ ಸಾಲಿಗಾಗಿ ಅವರು ಬಹುಕಾಲದಿಂದ ಕಾದಿದ್ದರು. ಐಸ್‌ಕ್ರೀಮಿನವನೊಬ್ಬ ಆ ಮೂಲೆ ಅಂಗಡಿಯ ಮೇಲೆ ಕಣ್ಣಿಟ್ಟಿದ್ದ. ಯಜಮಾನರು ಗೋಡೆಯಿಂದ ಗೋಡೆಗೆ ಟೇಪು ಎಳೆದು, ಮಾತಿಲ್ಲದೆ ಅಳೆದು, ಕಾಗದದಲ್ಲಿ ಬರೆದುಕೊಂಡರು. ಆಮೇಲೆ ಮೆತ್ತಣ್ಣನ ಕಡೆ ತಿರುಗಿ ಕನಿಕರದಿಂದ, "ಅವಸರವೇನಿಲ್ಲ, ನಿಮಗೆ ಅನುಕೂಲವಾದಾಗ ಹೋಗಿ. ತಿಂಗಳ ಕೊನೆಯೊಳಗೆ ಹೋದ್ರೆ ಎಲ್ಲರಿಗೂ ಒಳ್ಳೇದು" ಅಂದರು.

ಮೆತ್ತಣ್ಣ ಮೂಲೆಯ ಹಾಸಿಗೆಯ ಮೇಲೆ ಕುಸಿದು ಕೂತ. ಇನ್ನೂ ಕೂತು ಉಸಿರಾಡುತ್ತಿರುವಾಗಲೇ ಅಳತೆ ತೆಗೆದುಕೊಂಡು ಹೋದರಲ್ಲ! ಜೊತೆಗೆ ತಿಂಗಳ ಕೊನೆ ಎಂಬ ಗಡುವು ಬೇರೆ. ಡಾಕ್ಟರು ಹೆಂಡತಿಗೆ ಹೇಳಿದ್ದು, ಹೆಂಡತಿ ಯಜಮಾನರಿಗೆ ಹೇಳಿದ್ದು, ತನಗೊಬ್ಬನಿಗೇ ಯಾರೂ ಹೇಳಲಿಲ್ಲ.

ಅವನು ಹಾಗೇ ಕೂತಿರುವಾಗ ಹಾಸ್ಟೆಲಿನ ವಾರ್ಡನ್ ಅಮ್ಮ ಒಳಗೆ ನುಗ್ಗಿದರು. ಮೂರು ಮಹಡಿಯ ಹುಡುಗಿಯರನ್ನು ಒಂದೇ ಗದರಿಕೆಯಲ್ಲಿ ಮಲಗಿಸುವ ಕಂಠ ಅವರದು.

"ಏನ್ರೀ ಮೆತ್ತಣ್ಣ, ಇದು ನ್ಯಾಯಾನಾ? ನಮ್ಮ ಹಾಸ್ಟೆಲಿಗೆ ಕೊಟ್ಟ ಹಾಸಿಗೆಗೆಲ್ಲ ಹತ್ತು ವರ್ಷದ ಗ್ಯಾರಂಟಿ ಅಂತ ಬರೆದುಕೊಟ್ಟಿದ್ದೀರಿ. ಈಗ ಹೊರಟುಬಿಟ್ರೆ ನಾಳೆ ನಾನು ಯಾರನ್ನ ಕೇಳ್ಲಿ?"

ಮೆತ್ತಣ್ಣ ನಿಧಾನವಾಗಿ ತಲೆಯೆತ್ತಿದ. ಎರಡು ದಿನಗಳ ಚಿಂತೆ ಅವನನ್ನು ಬೇರೆಯೇ ಮನುಷ್ಯನನ್ನಾಗಿ ಮಾಡಿತ್ತು.

"ಅಮ್ಮ, ಹಾಸಿಗೆಗೆ ಹತ್ತು ವರ್ಷ ಗ್ಯಾರಂಟಿ ಕೊಡಬಹುದು. ಮಲಗೋನಿಗೆ ಯಾರು ಕೊಡ್ತಾರೆ?"

"ತತ್ವ ಆಮೇಲೆ ಹೇಳಿ. ಹೊಸ ಹಾಸಿಗೆ ಬೇಕಿತ್ತು, ಇಡೀ ಹಾಸ್ಟೆಲಿಗೆ. ನೀವು ಇರ್ತೀರೋ ಇಲ್ವೋ?"

"ತಿಂಗಳ ಕೊನೆವರೆಗೂ ಇರ್ತೀನಂತೆ."

"ಯಾರಂದ್ರು?"

"ಯಜಮಾನ್ರು."

"ಅಲ್ಲಿಗೆ ಅಂಗಡಿ ಶಾಶ್ವತವಾಗಿ ಮುಚ್ತಿರೋದು ನಿಜಾನೇ ಅನ್ನಿ."

ಮೆತ್ತಣ್ಣ ಕಣ್ಣು ಪಿಳಿಪಿಳಿ ಬಿಟ್ಟ. "ಮುಚ್ತಿರೋದು ಅಂಗಡೀನಾ? ನನ್ನನ್ನಲ್ವಾ?"

ವಾರ್ಡನ್ ಅಮ್ಮ ಫೋನು ತೆಗೆದು ಅವನ ಮೂಗಿನ ಮುಂದೆ ಹಿಡಿದರು. ಮೆತ್ತಣ್ಣ ಸಂದೇಶವನ್ನು ಓದಿದ, ಮತ್ತೊಮ್ಮೆ ಓದಿದ. ತಾನು ಸಾಯುತ್ತಿಲ್ಲ ಎಂಬ ಸಂತೋಷದಲ್ಲಿ ಎದ್ದು ನಿಂತವನು, ಅಂಗಡಿ ಸತ್ತಿದೆ ಎಂಬ ಅರಿವಾಗಿ ಅಲ್ಲೇ ಕೂತ. ಆಮೇಲೆ ನಾದಿನಿಗೆ ಫೋನು ಮಾಡಿದ.

ಅವಳು ಚಪ್ಪಲಿಯನ್ನೂ ಸರಿಯಾಗಿ ಹಾಕಿಕೊಳ್ಳದೆ ಓಡಿ ಬಂದಳು. ಹಿಂದೆಯೇ ಹೆಂಡತಿಯೂ ಬಂದಳು.

"ಭಾವ, 'ಮುಚ್ಚಿ' ಒತ್ತಿದ್ರಾ?"

"ನೀನೇ ಬರೆದಿದ್ದೀಯಲ್ಲ, ಮುಚ್ಚಿ ಅಂತ. ಮುಚ್ಚಬೇಡಿ ಅಂತ ಬರೆದಿದ್ರೆ ಮುಟ್ತಾ ಇರ್ಲಿಲ್ಲ."

"ಅದು ರಜಾ ದಿನ ಅಂಗಡಿ ಮುಚ್ಚೋಕೆ ಭಾವ! ಪರದೆ ಮುಚ್ಚೋಕಲ್ಲ!"

"ಮತ್ತೆ ಪರದೆ ಮುಚ್ಚೋ ಗುಂಡಿ ಎಲ್ಲಿದೆ?"

ನಾದಿನಿ ಪರದೆಯ ಮೇಲೆ 'ಹೊರಬನ್ನಿ'ಯನ್ನು ಹುಡುಕಿದಳು. ಅದನ್ನು ಕಿತ್ತುಹಾಕಿದವಳು ಅವಳೇ.

"ಶಾಶ್ವತವಾಗಿ ಅಂತ ಯಾಕಿಟ್ಟೆಯೇ?" ಎಂದು ಅಕ್ಕ ಕೇಳಿದಳು.

"ಇನ್ನೊಬ್ಬರು ನಿಜವಾಗ್ಲೂ ಅಂಗಡಿ ಮುಚ್ಚಿದ್ರು, ಅಕ್ಕ. ಅವರಿಗೆ ಮಾಡಿದ್ದು ಹಾಗೇ ಉಳ್ಕೊಂಡಿದೆ," ಎಂದು ನಾದಿನಿ ತಲೆ ತಗ್ಗಿಸಿದಳು. "ತಪ್ಪು ನನ್ನದೇ ಭಾವ." ಅವಳು ಭಾವನಿಗೆ ಹೀಗೆ ತಲೆ ತಗ್ಗಿಸಿದ್ದು ಅದೇ ಮೊದಲು, ಅದನ್ನು ಅನುಭವಿಸುವ ಪುರಸೊತ್ತು ಮಾತ್ರ ಮೆತ್ತಣ್ಣನಿಗೆ ಸಿಗಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ಜನ ಬರತೊಡಗಿದ್ದರು. ಅಂಗಡಿ ಮುಚ್ಚುವಾಗ ಸರಕು ಅಗ್ಗಕ್ಕೆ ಸಿಗುತ್ತದೆ ಎಂದು ಬಂದವರು ಕೆಲವರು. ಮದುವೆಯ ಹೊಸತರಲ್ಲಿ ಕೊಂಡ ಹಾಸಿಗೆಯನ್ನು ನೆನೆದು ಕಣ್ಣೊರೆಸಿಕೊಳ್ಳುತ್ತ ಬಂದ ವಯಸ್ಸಾದ ಜೋಡಿ ಒಂದು. ಬಂದವರನ್ನೆಲ್ಲ ಮೆತ್ತಣ್ಣ ಅಭ್ಯಾಸಬಲದಿಂದ ಕೂರಿಸಿದ. ಕೂತವರು ಏಳಲಿಲ್ಲ. ವಾರ್ಡನ್ ಅಮ್ಮ ಯಾರೂ ಕೇಳದಿದ್ದರೂ ಸಾಲು ಸರಿಪಡಿಸಲು ನಿಂತರು.

ಆ ಗಲಾಟೆಯ ನಡುವೆ ಯಜಮಾನರು ಐಸ್‌ಕ್ರೀಮಿನವನನ್ನು ಕರೆದುಕೊಂಡು ಕರಾರು ಪತ್ರ ಹಿಡಿದು ಬಂದರು.

"ಇಲ್ಲ ಯಜಮಾನ್ರೇ, ಅದು ಕೈತಪ್ಪಿ ಆದದ್ದು, ಅಂಗಡಿ ಮುಚ್ಚಿಲ್ಲ," ಎಂದು ಮೆತ್ತಣ್ಣ ವಿವರಿಸಲು ಹೋದ.

"ಕೈ ಒಂದು ಸಲ ತಪ್ಪುತ್ತೆ. ಎರಡು ಸಲ ತಪ್ಪುತ್ತಾ? ನನ್ನ ಫೋನಲ್ಲಿ ಬರಹದಲ್ಲಿದೆ! ಮುಚ್ಚಿದ್ದೀರಿ ಅಂದ್ರೆ ಮುಚ್ಚಿದ್ದೀರಿ!"

"ಸ್ವಲ್ಪ ಕೇಳಿ..."

"ಮುಚ್ಚಿದ್ದೀರಿ!"

ಆಗ ಹೆಂಡತಿ ಮುಂದೆ ಬಂದಳು. ಎರಡು ದಿನ ತಡೆದಿಟ್ಟಿದ್ದ ಬೈಗುಳವೆಲ್ಲ ಅವಳ ಬಾಯಲ್ಲಿ ಹಾಗೇ ಬಿಸಿಯಾಗಿತ್ತು. "ಅಂಗಡಿ ತೆರೆದಿದೆ, ಯಜಮಾನ್ರೇ. ಇಷ್ಟು ಜನ ಹಾಸಿಗೆ ಮೇಲೆ ಕೂತು ಸಾಕ್ಷಿ ಹೇಳ್ತಿದಾರೆ. ಈಗ ಯಾರಾದ್ರೂ ಏನಾದ್ರೂ ಮುಚ್ಚಬೇಕು ಅಂದ್ರೆ, ಅದು ಅಂಗಡಿ ಅಲ್ಲ."

ಅಂಗಡಿಯೆಲ್ಲ ನಕ್ಕಿತು. ಯಜಮಾನರ ಮುಖ ಕೆಂಪಾಯಿತು. ಸಹಾಯಕ್ಕೆಂದು ಅವರು ಐಸ್‌ಕ್ರೀಮಿನವನ ಕಡೆ ತಿರುಗಿದರೆ ಅವನು ಪಕ್ಕದಲ್ಲಿರಲಿಲ್ಲ. ಯಾವುದೋ ಮಾಯದಲ್ಲಿ ಮೆತ್ತಣ್ಣ ಅವನನ್ನೂ ಕೂರಿಸಿಬಿಟ್ಟಿದ್ದ. ಅವನು ಎರಡು ಸಲ ಮೇಲೆ ಕೆಳಗೆ ಪುಟಿದು ನೋಡಿ, "ಇದು ಎಷ್ಟಕ್ಕಣ್ಣ?" ಎಂದು ಕೇಳುತ್ತಿದ್ದ.

"ಏನಯ್ಯಾ, ಅಂಗಡಿ ಬೇಡವಾ ನಿನಗೆ?" ಎಂದರು ಯಜಮಾನರು.

"ಬೇಡ ಸ್ವಾಮಿ. ಇಷ್ಟು ಜನಕ್ಕೆ ಬೇಕಾದವರನ್ನ ಎಬ್ಬಿಸಿ ನಾನು ಬಂದು ಕೂತ್ರೆ ಈ ಬೀದೀಲಿ ನನ್ನ ಐಸ್‌ಕ್ರೀಮು ಯಾರು ತಿಂತಾರೆ? ಕರಗೇ ಹೋಗುತ್ತೆ."

ಯಜಮಾನರು ಕರಾರು ಪತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಸೇರಿಸಿದರು. ವಾರ್ಡನ್ ಅಮ್ಮ ಇಡೀ ಹಾಸ್ಟೆಲಿನ ಹಾಸಿಗೆಗೆ ಅಲ್ಲೇ ಮಾತು ಕೊಟ್ಟು ಹೋದರು, ಗ್ಯಾರಂಟಿಯನ್ನು ಮತ್ತೊಮ್ಮೆ ಬರೆಸಿಕೊಂಡು.

ಅಂಗಡಿ ಉಳಿಯಿತು. ಇನ್ನು ನಾದಿನಿಯ ಕೆಲಸ ಉಳಿಯಬೇಕಿತ್ತು. ವರ್ತಕರ ಸಂಘದವರೆಲ್ಲರಿಗೂ ಕಥೆ ಗೊತ್ತಾಗಿತ್ತು. ಸಭೆಗೆ ಹೋಗುವುದೇ ಬೇಡ ಎಂದು ಅವಳು ಹಟ ಹಿಡಿದಳು. "ಹೋಗೋಣ ಬಾ, ನಾನೂ ಬರ್ತೀನಿ. ಉದಾಹರಣೆ ಇಲ್ಲದೆ ಹೇಗೆ ಹೇಳ್ತೀಯ?" ಎಂದು ಮೆತ್ತಣ್ಣನೇ ಅವಳನ್ನು ಹೊರಡಿಸಿದ.

ಸಭೆಯಲ್ಲಿ ಅವಳು ಭಾಷಣ ಮಾಡಲಿಲ್ಲ. ಯಾರ ಫೋನಿಗೂ ಸಂದೇಶ ಹೋಗದ ಹಾಗೆ ತಡೆದು, ಅದೇ ನಾಲ್ಕು ಗುಂಡಿಗಳ ಪರದೆಯನ್ನು ಮೇಜಿನ ಮೇಲಿಟ್ಟು, "ಒಬ್ಬೊಬ್ಬರಾಗಿ ಬಂದು ಒಂದು ಫೋಟೋ ಬದಲಿಸಿ, ಕೆಲಸ ಮುಗಿಸಿ ಎದ್ದು ಹೋಗಿ" ಎಂದಷ್ಟೇ ಹೇಳಿದಳು. ಬೇಕರಿಯವರು ಬಂದರು, ಫೋಟೋ ಬದಲಿಸಿದರು, 'ಮುಚ್ಚಿ' ಒತ್ತಿ ಎದ್ದರು. ಪಾತ್ರೆ ಅಂಗಡಿಯವರೂ ಮುಚ್ಚಿದರು. ಮೆತ್ತಣ್ಣನ ಕಥೆಗೆ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಕನ್ನಡಕದವರು ಗಂಭೀರವಾಗಿ ಕೂತು, ಶಾಶ್ವತವಾಗಿ ಮುಚ್ಚಿ, ಎದ್ದು, ಸುತ್ತಲೂ ಎದ್ದ ನಗುವಿಗೆ ಬೆಚ್ಚಿ, "ನನಗೆ ಗೊತ್ತಿತ್ತು, ಸುಮ್ಮನೆ ಪರೀಕ್ಷೆ ಮಾಡಿದೆ" ಅಂದರು.

"ಒತ್ತಿದ್ದು ನಿಮ್ಮ ತಪ್ಪಲ್ಲ, ಬರೆದದ್ದು ನನ್ನ ತಪ್ಪು," ಎಂದಳು ನಾದಿನಿ. "ಗುಂಡಿ ಕಡಿಮೆ ಮಾಡಿದ್ರೆ ಸುಲಭ ಆಗುತ್ತೆ ಅಂದ್ಕೊಂಡಿದ್ದೆ. ಒತ್ತೋರ ಪಕ್ಕದಲ್ಲಿ ಒಂದು ದಿನಾನೂ ನಿಂತು ನೋಡಿರ್ಲಿಲ್ಲ."

ಸಂಘದವರು ತಮ್ಮತಮ್ಮಲ್ಲೇ ಗುಸುಗುಸು ಮಾತಾಡಿಕೊಂಡರು. ಕೆಲಸ ಅವಳಿಗೇ ಕೊಟ್ಟರು, ಆದರೆ ಒಂದು ಷರತ್ತು ಹಾಕಿದರು: ಯಾವ ಅಂಗಡಿಯ ಡ್ಯಾಶ್‌ಬೋರ್ಡೇ ಆಗಲಿ, ಮೊದಲು ಮೆತ್ತಣ್ಣನ ಮುಂದಿಡತಕ್ಕದ್ದು. ಅವನ ಕೈಯಲ್ಲಿ ಕೆಡದೆ ಉಳಿದದ್ದು ಇನ್ನು ಯಾರ ಕೈಯಲ್ಲೂ ಕೆಡಲಾರದು.

ಹೀಗೆ ಮೆತ್ತಣ್ಣನಿಗೆ ಹೊಸ ಹುದ್ದೆ ಸಿಕ್ಕಿತು. ಅದರ ಗತ್ತನ್ನು ಅವನು ಬೇಗ ಕಲಿತ. ಪರೀಕ್ಷೆಯ ದಿನ ಅಂಗಿಯನ್ನು ಇಸ್ತ್ರಿ ಮಾಡಿಸಿ ಹಾಕಿಕೊಳ್ಳುತ್ತಿದ್ದ, ಮುಂಚೆಯೇ ಟೀ ಕುಡಿದು ಕೈಬೆರಳು ಮುರಿದುಕೊಳ್ಳುತ್ತಿದ್ದ. ಬೇಕರಿಯವರದನ್ನು ಮೂರು ಕಡೆ ಕೆಡಿಸಿದ, ಪಾತ್ರೆ ಅಂಗಡಿಯದನ್ನು ಐದು ಕಡೆ. ನಾದಿನಿ ಅವನ ಹಿಂದೆ ನಿಂತು, ಕೆಟ್ಟ ಕಡೆಯೆಲ್ಲ ಗುರುತು ಹಾಕಿಕೊಂಡು ಹೋಗಿ ತಿದ್ದಿ ತರುತ್ತಿದ್ದಳು.

ಒಂದು ದಿನ ಅವಳು ಔಷಧಿ ಅಂಗಡಿಯದನ್ನು ತಂದಿಟ್ಟಳು. ಅಷ್ಟು ದಿನ ಕಲಿತದ್ದನ್ನೆಲ್ಲ ಅದಕ್ಕೆ ಸುರಿದಿದ್ದಳು. ಮೆತ್ತಣ್ಣ ಪರದೆಯನ್ನು ಮೇಲಿಂದ ಕೆಳಕ್ಕೆ ನೋಡಿದ, ಕೆಳಗಿಂದ ಮೇಲಕ್ಕೆ ನೋಡಿದ. ಕೈಯನ್ನು ಮಡಿಲಲ್ಲೇ ಇಟ್ಟುಕೊಂಡು ಕೂತ.

"ಯಾಕೆ ಭಾವ, ಒಂದೂ ಒತ್ತಲಿಲ್ಲ? ಏನಾದ್ರೂ ಅರ್ಥ ಆಗ್ಲಿಲ್ವಾ?"

"ಎಲ್ಲಾ ಅರ್ಥ ಆಗ್ತಿದೆಯಮ್ಮ," ಎಂದ ಮೆತ್ತಣ್ಣ, ಪರದೆಯಿಂದ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿಕೊಳ್ಳುತ್ತ. "'ಮುಚ್ಚಿ' ಅನ್ನೋದೂ ಅವತ್ತು ಹೀಗೇ ಅರ್ಥ ಆಗಿತ್ತು. ಅದಕ್ಕೇ ಭಯ ಆಗ್ತಿದೆ."